ತಾರಾನಾಥನ ದಿಲ್ಮುನ್ ಮುದ್ರೆ

ಆ ಶನಿವಾರ ಬೆಳಿಗ್ಗೆ ತಾರಾನಾಥ ಸುಳ್ಳೇನೂ ಹೇಳಲಿಲ್ಲ. ನಿಜ ಹೇಳುವುದಕ್ಕೆ ಸ್ವಲ್ಪ ತಡಮಾಡಿದ, ಅಷ್ಟೇ.

ಬಹರೈನಿನ ಸೀಫ್‌ನ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ಅವನಿಗೆ ದಿಲ್ಮುನ್ ಮುದ್ರೆಗಳ ಹುಚ್ಚು. ಗ್ರೀಕರು ಅಮೃತಶಿಲೆಗೆ ಉಳಿ ತಾಗಿಸುವ ಎಷ್ಟೋ ಮೊದಲು, ನಾಲ್ಕು ಸಾವಿರ ವರ್ಷಗಳ ಹಿಂದೆ, ದಿಲ್ಮುನ್ ಎನಿಸಿಕೊಂಡಿದ್ದ ಆಗಿನ ಬಹರೈನಿನ ಕುಶಲಿಗರು ಕೋಟಿನ ಗುಂಡಿಯಷ್ಟು ಬಳಪದ ಕಲ್ಲಿನಲ್ಲಿ ಜಿಂಕೆ, ಗೂಳಿಗಳನ್ನು ಕೆತ್ತಿದ್ದರು. ಸಂಗ್ರಹಾಲಯದ ಗಾಜಿಗೆ ಮೂಗೊತ್ತಿ ಅವನ್ನು ನೋಡಿ ನೋಡಿ, ಎಂಟು ತಿಂಗಳು ಮಾಹೂಝ್‌ನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು, ತಾನೂ ಒಂದು ಕೆತ್ತಿದ. ಎರಡು ಜಿಂಕೆ, ನಡುವೆ ಖರ್ಜೂರದ ಮರ.

ಪಕ್ಕದ ಮನೆಯ ನರ್ಸ್ ಜೋಸೆಫಿನ್ ಮೊಸರಿನ ಹೆಪ್ಪಿಗೆಂದು ಬಂದವಳು ಮೇಜಿನ ಮೇಲೆ ಅದನ್ನು ಕಂಡಳು.

"ದೇವರೇ! ಇದು ಮ್ಯೂಸಿಯಂನದ್ದಲ್ವಾ ತಾರಾನಾಥರೇ?"

ತಾರಾನಾಥನ ಎದೆ ಎಣ್ಣೆಗೆ ಬಿದ್ದ ಹಪ್ಪಳದಂತೆ ಉಬ್ಬಿತು. "ನೀವೇ ಹೇಳಿ ನೋಡುವ," ಎಂದು ನಕ್ಕ.

ಜೋಸೆಫಿನ್ ಹೇಳಿದಳು. ಅವನಿಗಲ್ಲ, ಇಡೀ ಕಟ್ಟಡಕ್ಕೆ.

ಅರ್ಧ ಗಂಟೆಯಲ್ಲಿ ಕೆಳಗಿನ ಮನೆಯ ಸಿರಾಜ್ ಏದುಸಿರು ಬಿಡುತ್ತಾ ಬಂದ. "ಎಂಥ ತಾರಣ್ಣ ಇದು! ಹಳೇ ಕಾಲದ ಗೋರಿದಿಬ್ಬ ಅಗೆದು ಮುದ್ರೆ ತೆಗ್ದಿದ್ದೀರಂತೆ? ಜೈಲು ಗ್ಯಾರಂಟಿ!"

"ಕೆತ್ತಿದ್ದು ನಾನು ಮಾರಾಯ!"

ಸಿರಾಜ್ ಮರುಕದಿಂದ ನೋಡಿದ. "ನೀವಾ? ಕ್ಯಾಲೆಂಡರಿಗೆ ಮೊಳೆ ಹೊಡೀಲಿಕ್ಕೆ ಹೋಗಿ ಪಕ್ಕದ ಮನೆ ತನಕ ತೂತು ಮಾಡಿದವ್ರು?"

"ಆ ತೂತಿನಲ್ಲಿ ನಮ್ಗೆ ಈಗ್ಲೂ ನಿಮ್ಮ ಟಿವಿ ಕೇಳ್ತದೆ," ಎಂದಳು ಬಾಗಿಲಲ್ಲಿ ನಿಂತ ಜೋಸೆಫಿನ್.

ಮಧ್ಯಾಹ್ನದೊಳಗೆ ಒಂದು ಮುದ್ರೆ ಏಳಾಯಿತು, ಅದರಲ್ಲಿ ಎರಡು ಚಿನ್ನದ್ದಾದವು. ಅಲ್ಲಿಯ ಕನ್ನಡಿಗರ ಸಂಘದ ಅಧ್ಯಕ್ಷರು ಫೋನ್ ಮಾಡಿ, ವಾರ್ಷಿಕೋತ್ಸವದ ಆಮಂತ್ರಣದಿಂದ ಸದ್ಯಕ್ಕೆ ಅವನ ಹೆಸರು ತೆಗೆದಿರುವುದಾಗಿ ತಿಳಿಸಿದರು. ಒಳಗೆ ಹೆಂಡತಿ ಸುಜಾತಾ ಬ್ಯಾಗಿಗೆ ಎರಡು ಜೊತೆ ಬಟ್ಟೆ, ಬಿಪಿ ಮಾತ್ರೆ, ಉಪ್ಪಿನಕಾಯಿ ಬಾಟಲಿ ತುಂಬುತ್ತಿದ್ದಳು.

"ಅಲ್ಲಿಯ ಊಟ ನಿಮ್ಗೆ ಸೇರ್ಲಿಕ್ಕಿಲ್ಲ."

"ನಾನು ಕೆತ್ತಿದ್ದನ್ನು ನೀನು ನೋಡ್ಲಿಲ್ವಾ?"

"ನಾನು ನೋಡಿದ್ದೇನೆ. ಪೊಲೀಸರು ನೋಡ್ಲಿಲ್ಲ ಅಲ್ವಾ?"

ಕಳ್ಳ ಎಂದದ್ದನ್ನು ಅವನು ಸಹಿಸುತ್ತಿದ್ದನೋ ಏನೋ. ಕೈಲಾಗದವನು ಎಂದದ್ದು ಸಹಿಸಲಾಗಲಿಲ್ಲ. ಮುದ್ರೆಯನ್ನು ಕಿಸೆಗೆ ಹಾಕಿ ಕಾರು ಹತ್ತಿದ. ಸಾಕ್ಷಿಗೆಂದು ಸಿರಾಜ್, ಜೋಸೆಫಿನ್ ಇಬ್ಬರೂ ಹಿಂದಿನ ಸೀಟು ಹಿಡಿದರು.

ಸಂಗ್ರಹಾಲಯದ ತಜ್ಞೆ ಜುವೈರಿಯಾ ಭೂತಗನ್ನಡಿ ಹಿಡಿದು ನೋಡಿದಳು. ಹಸಿಮಣ್ಣಿಗೆ ಮುದ್ರೆ ಒತ್ತಿದಳು. ಎರಡು ಜಿಂಕೆಗಳು ಎದ್ದು ನಿಂತವು. ತಾರಾನಾಥ ಮುಂದಕ್ಕೆ ಬಗ್ಗಿದ. ಅಸಲಿ ಎಂದರೆ ಜೈಲು, ನಕಲಿ ಎಂದರೆ ಅವಮಾನ.

"ಇದು ಈಗಿನ ಕೆಲಸ," ಎಂದಳು ಆಕೆ. "ಆದರೆ ಎಂಥಾ ಕೈ! ದಿಲ್ಮುನ್ ಕಾಲದಲ್ಲಿ ಇವನಿಗೆ ಕೆಲಸಕ್ಕೆ ಬರವಿರುತ್ತಿರಲಿಲ್ಲ. ಯಾರು ಕೆತ್ತಿದ್ದು?"

"ನಾನು!"

ಸಿರಾಜ್ ಬಾಯಿ ತೆರೆದವನು ಮುಚ್ಚಲಿಲ್ಲ. ಜೋಸೆಫಿನ್ ಶಿಲುಬೆಯ ಗುರುತು ಹಾಕಿಕೊಂಡಳು. ತಾರಾನಾಥನ ಕತ್ತು ಅವನು ಕೆತ್ತಿದ ಜಿಂಕೆಯದ್ದಕ್ಕಿಂತ ಉದ್ದವಾಯಿತು.

"ಕಲ್ಲು ಎಲ್ಲಿಯದು? ಈ ದ್ವೀಪದಲ್ಲಿ ಇದು ಸಿಗುವುದಿಲ್ಲವಲ್ಲ?"

"ನಮ್ಮ ಗೋದಾಮಿನ ಅಂಗಳಕ್ಕೆ ತಂದು ಹಾಕಿದ ಮಣ್ಣಿನಲ್ಲಿ ಸಿಕ್ಕಿತು ಮೇಡಂ. ಹೀಗೇ ಉರುಟು ಇತ್ತು. ಒಂದು ಮುಖ ನುಣುಪು, ಇನ್ನೊಂದಕ್ಕೆ ಮಣ್ಣು ಗಾರೆಯ ಹಾಗೆ ಕಚ್ಚಿತ್ತು. ಹಳೆಯ ಕಳೆ ಇರಲಿ ಎಂದು ಹಾಗೇ ಬಿಟ್ಟೆ."

ಜುವೈರಿಯಾಳ ನಗು ನಿಂತಿತು. ಮುದ್ರೆಯನ್ನು ತಿರುಗಿಸಿ ಒದ್ದೆ ಕುಂಚದಿಂದ ಮೆಲ್ಲಗೆ ಉಜ್ಜಿದಳು. ಮಣ್ಣು ಬಿಟ್ಟಿತು. ಮೂರು ಸಮಾನಾಂತರ ಗೆರೆಗಳು, ನಾಲ್ಕು ವೃತ್ತಗಳು, ಪ್ರತಿ ವೃತ್ತದ ನಡುವೆ ಒಂದು ಚುಕ್ಕಿ. ಗಾಜಿನಾಚೆ ನೂರು ಸಲ ನೋಡಿದ್ದ ದಿಲ್ಮುನ್ ಮುದ್ರೆಯ ಬೆನ್ನು ಅದು!

"ಆ ಕಾಲದ ಕುಶಲಿಗ ಹಿಂಬದಿ ಮುಗಿಸಿ, ಮುಖ ಕೆತ್ತದೆ ಬಿಟ್ಟುಹೋಗಿದ್ದಾನೆ," ಎಂದಳು ಆಕೆ, ಪಿಸುದನಿಯಲ್ಲಿ. "ನಾಲ್ಕು ಸಾವಿರ ವರ್ಷ ಕಾದಿತ್ತು. ಅದರ ಮೇಲೆ ನೀವು..."

ಪೊಲೀಸರು ಬಂದು ಮೂರು ಗಂಟೆ ಹೇಳಿಕೆ ಬರೆಸಿಕೊಂಡರು. ತಾನಾಗಿಯೇ ತಂದೊಪ್ಪಿಸಿದನೆಂದು ಎಚ್ಚರಿಕೆ ಕೊಟ್ಟು ಬಿಟ್ಟರು. ಕಲ್ಲು ಅಲ್ಲೇ ಉಳಿಯಿತು. ಆದರೂ ತಾರಾನಾಥನಿಗೆ ಒಳಗೊಳಗೇ ಹೆಮ್ಮೆ. ಆ ಪುರಾತನ ಪುಣ್ಯಾತ್ಮ ಅರ್ಧಕ್ಕೆ ಬಿಟ್ಟದ್ದನ್ನು ಮುಗಿಸಿದವನು ಕರ್ನಾಟಕದ ಕರಾವಳಿಯವನು!

ಹೊರಡುವಾಗ ನಾಚುತ್ತಾ ಕೇಳಿದ: "ಗಾಜಿನೊಳಗೆ ಇಡುತ್ತೀರಾ ಮೇಡಂ?"

"ಖಂಡಿತ. ಅತಿ ಅಪರೂಪದ್ದು."

ತಾರಾನಾಥ ಹೆಮ್ಮೆಯಿಂದ ಸಿರಾಜ್ ಕಡೆ, ಜೋಸೆಫಿನ್ ಕಡೆ ತಿರುಗಿದ.

"ಆದರೆ," ಎಂದಳು ಜುವೈರಿಯಾ, "ಕವುಚಿ ಇಡುತ್ತೇವೆ."