ಒಂದೇ ಪ್ಯಾಂಟು ಮೂರು ಸಲ ಮುಗಿದ ಬಗ್ಗೆ

ಸೊಸೆಯ ಮೊಬೈಲಿನೊಳಗೆ ಕೂತು ನಮ್ಮ ಹೊಲಿಗೆ ಅಂಗಡಿಯ ಉಸ್ತುವಾರಿ ನೋಡುತ್ತಿರುವ ಮಾನ್ಯ ಆ್ಯಪ್ ಅವರೇ,

ಮೊದಲಿಗೆ ದೊಡ್ಡ ನಮಸ್ಕಾರ. ಕಾಗದ ಬರೆಯುವುದೆಂದರೆ ನನಗೆ ತಲೆನೋವು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಬಿಟ್ಟಿದ್ದೇ ಬರೆಯುವ ಕಾಟ ತಪ್ಪಲಿ ಅಂತ. ಆದರೆ ದೂರಿದ್ದರೆ ಬರವಣಿಗೆಯಲ್ಲೇ ಇರಬೇಕೆಂದು ತಮ್ಮ ಕಾನೂನಂತೆ. ತಾವು ಕೊಟ್ಟ ಚೌಕದಲ್ಲಿ ನನ್ನ ಸಿಟ್ಟಿನ ಕಾಲುಭಾಗವೂ ಹಿಡಿಸಲಿಲ್ಲ, ಮೇಲಿಂದ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದಿರಿ. ಅದಕ್ಕೇ ಈ ಪತ್ರ ಅಂಗಡಿಯ ಬಾಗಿಲಿಗೆ ಅಂಟಿದೆ, ಬಂದವರೆಲ್ಲ ಓದಲಿ.

ನಮ್ಮಲ್ಲಿ ಕೆಲಸ ನಡೆಯುವ ರೀತಿ ತಮಗೆ ಗೊತ್ತೇ ಇದೆ. ತಮ್ಮಲ್ಲಿರುವ ಕೆಲಸದ ಪಟ್ಟಿಯನ್ನು ಸೊಸೆ ಮುದ್ರಿಸಿ ನನ್ನ ಮಿಷನ್ನಿನ ಪಕ್ಕದ ಗೋಡೆಯ ಮೊಳೆಗೆ ಸಿಕ್ಕಿಸುತ್ತಾಳೆ, ನಾನು ಮುಗಿಸಿದ್ದಕ್ಕೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತೇನೆ. ಮಗ ಮಾತ್ರ ತನ್ನ ಫೋನಿನಲ್ಲಿ ತಮ್ಮ ಮುಖ ನೋಡಿಕೊಂಡೇ ಕತ್ತರಿ ಹಿಡಿಯುತ್ತಾನೆ. ಅಂಚೆ ಕಚೇರಿಯ ದೊಡ್ಡ ಸಾಹೇಬರು ಮಗಳ ಮದುವೆಗೆಂದು ಕೊಟ್ಟ ಕರಿ ಪ್ಯಾಂಟನ್ನು ನಾಲ್ಕು ಇಂಚು ಗಿಡ್ಡ ಮಾಡಿ ನಾನು ಗೀಟು ಎಳೆದೆ. ಗೋಡೆಯ ಮೇಲಿನ ಗೀಟು ತಮ್ಮ ಕಣ್ಣಿಗೆ ಬೀಳಲಿಲ್ಲವಾಗಿ, ಕೆಲಸ ಬಾಕಿ ಇದೆಯೆಂದು ತಾವು ಮಗನ ಜೀವ ತಿಂದಿರಿ. ನಾನು ಊಟಕ್ಕೆ ಹೋದಾಗ ಅವನು ಇನ್ನೊಂದು ನಾಲ್ಕು ಇಂಚು ತೆಗೆದ. ಅವನು ಗುರುತು ಹಾಕಿದೊಡನೆ ತಾವು ಪರದೆ ತುಂಬ ಬಣ್ಣದ ಚೂರು ಹಾರಿಸಿ ಶಹಬ್ಬಾಸ್ ಎಂದಿರಂತೆ. ಆದರೆ ಅವನು ಗುರುತು ಹಾಕುವ ಮೊದಲೇ ಮುದ್ರಿಸಿದ್ದ ಮಾರನೆಯ ದಿನದ ಪಟ್ಟಿ ಮೊಳೆಗೇರಿತ್ತು, ಅದರಲ್ಲೂ ಆ ಪ್ಯಾಂಟು ಇತ್ತು, ನಾನು ಮತ್ತೆ ಕತ್ತರಿಸಿದೆ. ನೆನಪಿರಲಿಲ್ಲವೇ ಎಂದು ಕೇಳಬೇಡಿ. ನೆನಪಿಡುವ ಕೆಲಸ ವಹಿಸಿಕೊಂಡವರು ತಾವು.

ಸಾಹೇಬರು ಅದನ್ನು ತೊಟ್ಟು, ಮೀನಖಂಡ ತೋರಿಸುತ್ತಾ ಬಟ್ಟೆ ಬದಲಿಸುವ ಪರದೆಯಾಚೆಯಿಂದ ಬಂದು ಕೇಳಿದರು: "ಅಮ್ಮಾ, ಇದು ಮದುವೆಗೆ ಹಾಕ್ಕೊಳ್ಳೋದೋ, ಹೊಳೆ ದಾಟೋಕೋ?"

ಆಮೇಲೆ ಸೊಸೆ ಬುದ್ಧಿ ಹೇಳಿದಳು: "ಅತ್ತೆ, ಒಂದು ಸಲ ಬೆರಳಿಟ್ಟರೆ ಸಾಕು, ಮುಗೀತು ಅಂತ ಅದಕ್ಕೆ ಗೊತ್ತಾಗುತ್ತೆ." ಇಟ್ಟೆ. ಸೂಜಿ ಚುಚ್ಚಿಸಿಕೊಂಡು ಕಲ್ಲಾದ ನನ್ನ ಬೆರಳನ್ನು ತಾವು ಬೆರಳೆಂದೇ ಒಪ್ಪಲಿಲ್ಲ. ಮೂಗು ಒತ್ತಿದೆ, ಒಪ್ಪಿದಿರಿ! ನನ್ನ ಮೂಗು ದೇವರ ದಯೆಯಿಂದ ಅಗಲವಾಗಿದ್ದು, ಅಕ್ಕಪಕ್ಕದ ಕೆಲಸಗಳೂ ಮುಗಿದುಹೋದವು. ಬಟ್ಟೆಯೇ ಬಂದಿರದ ಕೋಟು ಸಿದ್ಧವಾಗಿದೆಯೆಂದು ತಾವು ಸುದ್ದಿ ಕಳಿಸಿದ್ದೇ ತಡ, ಅದರ ಯಜಮಾನ ಹೆಂಡತಿ, ಅತ್ತೆ, ನಾದಿನಿ ಸಮೇತ ಬಂದು ಕನ್ನಡಿಯ ಮುಂದೆ ತೋಳು ಚಾಚಿ ನಿಂತ. ತಮ್ಮ ಚುರುಕುತನಕ್ಕೆ ಏನು ಹೇಳಲಿ, ದೃಷ್ಟಿಯಾದೀತು. ಆ ಕೀರ್ತಿಯೂ ಸೊಸೆಯ ಹೆಸರಿಗೇ ಹೋಯಿತು, ಫೋನು ಅವಳದಲ್ಲವೇ.

ಇಷ್ಟಾದರೂ ಸಹಿಸಿದ್ದೆ. ಮೊನ್ನೆ ತಾವು ನನ್ನ ಫೋಟೋ ಹಾಕಿ, ಈ ಸದಸ್ಯೆ ಒಂದು ಕೆಲಸವನ್ನೂ ಮುಗಿಸಿಲ್ಲ, ಗುಂಪಿನಿಂದ ತೆಗೆಯಲೇ ಎಂದು ಸೊಸೆಯನ್ನು ಕೇಳಿದಿರಂತೆ. ಈ ಅಂಗಡಿಯ ಬಾಗಿಲಿಗೆ ಮೊದಲ ಬೀಗ ತಂದವಳು ನಾನು. ಆದ್ದರಿಂದ ತಾವು ದಯಮಾಡಿ ಗಾಜಿನಿಂದ ಹೊರಗೆ ಬಂದು, ಸ್ಟೂಲು ಹತ್ತಿ, ನನ್ನ ಗೀಟುಗಳನ್ನು ದಿನಾ ಸಂಜೆ ಓದಿಕೊಂಡು ಹೋಗತಕ್ಕದ್ದು. ಸ್ಟೂಲನ್ನು ನಾನೇ ಹಿಡಿದುಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ, ವಿಶ್ವಾಸ ಇನ್ನೂ ಉಳಿದಿದ್ದರೆ,
ಒಂದು ಕೆಲಸವನ್ನೂ ಮುಗಿಸದ ಸದಸ್ಯೆ

ತಾ.ಕ.: ಸೊಸೆ ಈಗ ನನ್ನನ್ನು ಗುಂಪಿನಿಂದ ತೆಗೆಯಲೂ ಇಲ್ಲ, ಬಿಡಲೂ ಇಲ್ಲ, ತಮ್ಮಿಂದ ಹದಿನೈದನೇ ತಾರೀಖಿನವರೆಗೆ ಗಡುವು ಕೇಳಿದ್ದಾಳೆ. ಆದರೆ ನಿನ್ನೆಯಿಂದ ಅವಳೂ ಮಗನೂ ಕಾಗದದ ಮೇಲೇ ಗೀಟು ಎಳೆಯುತ್ತಿದ್ದಾರೆ, ನಾನು ನೋಡಿಲ್ಲವೆಂದುಕೊಂಡು. ತಮ್ಮ ಲೆಕ್ಕದಲ್ಲಿ ಅವರೂ ಕೆಲಸಗಳ್ಳರೇ. ಎಲ್ಲರನ್ನೂ ತೆಗೆದ ಮೇಲೆ ಗುಂಪಿನಲ್ಲಿ ತಾವೊಬ್ಬರೇ. ಆಮೇಲೆ ಪ್ಯಾಂಟು ತಾವೇ ಹೊಲಿಯಿರಿ. ಹದಿನೈದರೊಳಗೆ ಉತ್ತರ ಬೇಕು.