ಕಾವಲಿ ಬೆಳ್ಳಗಾದ ಪ್ರಸಂಗ

ಪಾತ್ರೆಗಳ ವಿಷಯದಲ್ಲಿ ನನ್ನಷ್ಟು ತಿಳಿದವರು ಬರೋಡಾದ ಗೋರ್ವಾದಲ್ಲಿ ಆಗ ಇನ್ನೊಬ್ಬರಿರಲಿಲ್ಲ. (ನನ್ನ ಹೆಂಡತಿ ಮೇದಿನಿ ಇದನ್ನು ಒಪ್ಪುವುದಿಲ್ಲ.) ಇನ್ಷೂರೆನ್ಸ್ ಕಚೇರಿಯವರು ನನ್ನನ್ನು ಅಲ್ಲಿಗೆ ವರ್ಗ ಮಾಡಿದ್ದರು. ವಸ್ತುಪ್ರದರ್ಶನವೊಂದರಲ್ಲಿ ಸೇಲ್ಸ್‌ಮನ್ ಒಬ್ಬ ಎಣ್ಣೆಯೇ ಇಲ್ಲದೆ ನಾನ್‌ಸ್ಟಿಕ್ ತವಾದ ಮೇಲೆ ಆಮ್ಲೆಟ್ ಜಾರಿಸಿ ತೋರಿಸಿದ. ಅದರ ಹಿಂದೆಯೇ ನಾನೂ ಜಾರಿದೆ.

ತವಾ ಹೊತ್ತು ಮನೆಗೆ ಬಂದವನೇ ಮೇದಿನಿಗೆ ಲೋಹಶಾಸ್ತ್ರ ಬೋಧಿಸಿದೆ. ಅಲ್ಯುಮಿನಿಯಂ ಬೇಗ ಕಾಯುತ್ತದೆ. ಸ್ಟೀಲು ಒಂದೇ ಕಡೆ ಸೀಯುತ್ತದೆ, ಅದಕ್ಕೇ ತಳಕ್ಕೆ ತಾಮ್ರ ಹಚ್ಚುತ್ತಾರೆ. ಪಾತ್ರೆಯ ಪ್ರಾಣವೆಲ್ಲ ತಳದಲ್ಲಿದೆ ಎಂದೆ. ನನ್ನ ಮಾತಿಗೆ ಮಾತ್ರ ತಳವೂ ಇಲ್ಲ, ಬುಡವೂ ಇಲ್ಲ ಎಂದು ಅವಳು ಬೇಳೆ ಆರಿಸಲು ಕೂತಳು.

ಭಾನುವಾರ ರಾತ್ರಿಯ ದೋಸೆಗೆ ಮೇಲಿನ ಮನೆಯ ಊರ್ಮಿಳಾಬೆನ್ ದಂಪತಿಯನ್ನು ಕರೆದಿದ್ದೆವು. ಮೇದಿನಿ ತರಕಾರಿಗೆ ಹೋದಾಗ, ಹೊಸ ತವಾದ ಪಕ್ಕದಲ್ಲಿ ಅವಳ ಕಬ್ಬಿಣದ ಕಾವಲಿ ಕರ್ರಗೆ ಕೂತಿದ್ದು ನೋಡಿ ನನಗೆ ಮರುಕ ಉಕ್ಕಿತು. ಸೋಪಿನ ಪುಡಿ, ಇಟ್ಟಿಗೆ ಪುಡಿ, ಕೊನೆಗೆ ಉಪ್ಪುಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿಟ್ಟೆ.

ಮೇದಿನಿ ಬಂದು ನೋಡಿದಳು. ಕೂಗಾಡಲಿಲ್ಲ. (ಕೂಗಾಡಿದ್ದರೆ ವಾಸಿಯಿತ್ತು.)

“ರೀ, ಅದು ಕೊಳೆ ಅಲ್ಲ. ನಮ್ಮಜ್ಜಿ ಕಾಲದಿಂದ ಎಣ್ಣೆ ಕುಡಿದು ಪಳಗಿದ್ದು. ಇನ್ನು ಅದರ ಮೇಲೆ ಒಂದು ದೋಸೆನೂ ಏಳಲ್ಲ.”

“ನಾನ್‌ಸ್ಟಿಕ್ ಇದೆಯಲ್ಲ?”

“ಹಾಗಾದ್ರೆ ನೀವೇ ಹುಯ್ಯಿರಿ,” ಎಂದು ಸೌಟು ನನ್ನ ಕೈಗಿಟ್ಟಳು.

ಅತಿಥಿಗಳು ತಟ್ಟೆಯ ಮುಂದೆ ಕೂತರು. ತವಾದ ಮೇಲೆ ಹಿಟ್ಟು ಹರಡಲೇ ಇಲ್ಲ. ಸೌಟು ಹೋದಲ್ಲೆಲ್ಲ ಅದರ ಬೆನ್ನು ಹತ್ತಿ ಹೋಗಿ ಉಂಡೆಯಾಯಿತು. ಗಾಬರಿಯಿಂದ ಕಾವಲಿಗೆ ಹುಯ್ದೆ. ಅಲ್ಲಿ ಅದು ಹತ್ತಿರದ ನೆಂಟನಂತೆ ತಳವೂರಿತು. ಕೆರೆದೆ. ಬಂದ ಚೂರುಗಳಿಗೆ ಆಲೂಗಡ್ಡೆ ಪಲ್ಯ ಕಲಸಿ, ಮೇಲೆ ಚಟ್ನಿ ಸುರಿದು, ದೇವರ ಮೇಲೆ ಭಾರ ಹಾಕಿ ಬಡಿಸಿದೆ.

ಊರ್ಮಿಳಾಬೆನ್ ತಟ್ಟೆ ಬಳಿದು ತಿಂದು, ಇದರ ಹೆಸರೇನೆಂದು ಕೇಳಿದರು. ಮೇದಿನಿ ಕಣ್ಣು ಮಿಟುಕಿಸದೆ, ಇದು ನಮ್ಮ ಕಡೆಯ ಅಪರೂಪದ ತಿಂಡಿ, ಗಂಡಸರ ಕೈಗೇ ಒಲಿಯುವಂಥದ್ದು ಎಂದುಬಿಟ್ಟಳು.

ಅಂದಿನಿಂದ ಭಾನುವಾರಗಳಂದು ನಮ್ಮ ಹೌಸಿಂಗ್ ಸೊಸೈಟಿಯ ಹೆಂಗಸರೆಲ್ಲ ಡಬ್ಬಿ ಹಿಡಿದು ಬರತೊಡಗಿದರು. ನಾನು ಕಾವಲಿಗೆ ಎಣ್ಣೆ ಸುರಿದು ಹುಯ್ಯುತ್ತಿದ್ದೆ, ಕೆರೆಯುತ್ತಿದ್ದೆ. ದೀಪಾವಳಿಯ ಹೊತ್ತಿಗೆ ಅಷ್ಟೂ ಎಣ್ಣೆ ಕುಡಿದ ಕಾವಲಿ ಮತ್ತೆ ಪಳಗಿ, ಗುಂಡನೆಯ, ಹೊಂಬಣ್ಣದ, ಇಡೀ ದೋಸೆಯೊಂದು ತಾನಾಗಿ ಎದ್ದು ಬಂತು. ಹಿಗ್ಗಿನಿಂದ ಅದನ್ನು ಊರ್ಮಿಳಾಬೆನ್ ಡಬ್ಬಿಗೆ ಹಾಕಿದೆ.

ಅವರು ಅದನ್ನು ಎತ್ತಿ, ಹಿಂದುಮುಂದು ನೋಡಿ, ನನ್ನತ್ತ ಕನಿಕರದಿಂದ ತಿರುಗಿದರು.

“ಭಾಯ್‌ಸಾಬ್, ಇವತ್ತು ಕೆಟ್ಟುಹೋಯ್ತಾ?”