ಹೆಂಕ್ ಕಿವಿ ಉಜ್ಜಿಕೊಂಡ ಶನಿವಾರ

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಏನನ್ನೂ ನೇರವಾಗಿ ಕೇಳುತ್ತಿರಲಿಲ್ಲ. ಶಾಲೆಯ ಟ್ರಿಪ್ಪಿಗೆ ಕಳಿಸುತ್ತಾರೋ ಇಲ್ಲವೋ ಎಂಬುದನ್ನು ಅಪ್ಪ ಪೇಪರ್ ಮಡಿಸುವ ರೀತಿಯಿಂದ ತಿಳಿದುಕೊಳ್ಳಬೇಕಿತ್ತು. ಎರಡು ಮಡಿಕೆಯಾದರೆ ಹೋಗಬಹುದು. ನಾಲ್ಕು ಮಡಿಕೆಯಾದರೆ ಟ್ರಿಪ್ಪಿನ ಮಾತು ಆಮೇಲಿರಲಿ, ಆ ರೂಮಿನಿಂದಲೇ ಎದ್ದು ಹೋಗುವುದು ಕ್ಷೇಮ. ಅಮ್ಮನ ಮೂಡು ಆಕೆ ಕುಕ್ಕರಿನ ಮುಚ್ಚಳ ಇಡುವ ಸದ್ದಿನಲ್ಲಿರುತ್ತಿತ್ತು. "ಮುಖ ನೋಡಿದ್ರೆ ಗೊತ್ತಾಗಲ್ವೇನೋ?" ಎನ್ನುವುದು ನಮ್ಮ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಕೇಳಿಬರುತ್ತಿದ್ದ ಮಾತು. ಇಂಥ ಮನೆಯಲ್ಲಿ ಬೆಳೆದವನು ಒಂದೋ ಜ್ಯೋತಿಷಿಯಾಗುತ್ತಾನೆ, ಇಲ್ಲವೇ ಮಿಮಿಕ್ರಿ ಮಾಡುತ್ತಾನೆ. ಜ್ಯೋತಿಷಿಗೆ ಗಣಿತ ಬೇಕು, ಹಾಗಾಗಿ ನಾನು ಮಿಮಿಕ್ರಿಗೆ ಬಿದ್ದೆ. ಹೆಡ್‌ಮಾಸ್ಟರು, ಮೂಲೆ ಅಂಗಡಿಯ ಶೆಟ್ಟರು, ಮದುವೆಯಲ್ಲಿ ಪಾಯಸ ಎರಡನೇ ಸಲ ಬೇಡ ಬೇಡ ಎನ್ನುತ್ತಲೇ ಎಲೆ ಮುಂದೆ ತಳ್ಳುವ ಸೋದರಮಾವ, ಈಗ ಡಚ್ಚರ ದೇಶದ ಹೂಫ್‌ಡಾರ್ಪ್ ಎಂಬ ಊರಿನ ಆಫೀಸಿನಲ್ಲಿ ನಮ್ಮ ಮ್ಯಾನೇಜರು, ಹೀಗೆ ನಾನು ಅಣಕಿಸದೆ ಬಿಟ್ಟ ಪ್ರಾಣಿ ಇಲ್ಲ. ಒಬ್ಬನನ್ನು ಬಿಟ್ಟು. ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸಲು ಎಷ್ಟೋ ಸಲ ನೋಡಿದ್ದೇನೆ. ಬರುವುದಿಲ್ಲ. ಎದುರಿಗೆ ಯಾರೋ ಸುಮ್ಮನೆ ನಿಂತ ಹಾಗಿರುತ್ತದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಹೋದ ವಸಂತದಲ್ಲಿ ನಮ್ಮ ಚೆಸ್ ಕ್ಲಬ್ಬಿನ ಎರಡನೇ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಅದಕ್ಕೆ ಕಾರಣ ನಾನು. ಅಂದರೆ ನಾನು ಮತ್ತು ನಮ್ಮ ಅಪ್ಪನ ಪೇಪರು.

ನನ್ನನ್ನು ಕ್ಲಬ್ಬಿಗೆ ಕರೆದುಕೊಂಡು ಹೋದವರು ಪಾಟೀಲ್ ಸರ್. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮಹಡಿಯವರು, ಧಾರವಾಡ ಕಡೆಯವರು, ವಿಮಾನದ ಎಂಜಿನ್ನು ಬಿಚ್ಚಿ ಜೋಡಿಸುವವರು. ಲಿಫ್ಟಿನಲ್ಲಿ ಸಿಕ್ಕ ಮೊದಲ ದಿನವೇ, "ಏ ತಮ್ಮಾ, ಮಂಗಳವಾರ ಸಂಜೀಕ ಮನ್ಯಾಗ ಒಬ್ಬನ ಕುಂತು ಏನ್ ಮಾಡ್ತಿ? ಕ್ಲಬ್ಬಿಗೆ ಬಾ. ಅಲ್ಲಿ ಯಾರೂ ಮಾತಾಡಂಗಿಲ್ಲ. ಭಾಳ ಛಲೋ ಮಂದಿ" ಎಂದರು. ಮಾತಾಡದಿರುವುದು ಒಳ್ಳೆಯ ಗುಣವಾದದ್ದು ಹೇಗೆಂದು ಆಮೇಲೆ ತಿಳಿಯಿತು. ಅವರ ಇಬ್ಬರು ಹೆಣ್ಣುಮಕ್ಕಳು ಇಲ್ಲೇ ಹುಟ್ಟಿ ಬೆಳೆದವರು. "ಮನ್ಯಾಗ ನಾ ಡಚ್ಚಿನ್ಯಾಗ ಬಾಯಿ ತೆಗದ್ರ ಸಾಕು, ಇಬ್ರೂ ತಿದ್ದಾಕ ಬರ್ತಾರ. ಇಲ್ಲಿ ನೋಡು, ಕುದುರಿ ಎರಡೂವರಿ ಮನಿ ಹಾರಿದ್ರ ಮುಗೀತು. ವ್ಯಾಕರಣ ಕೇಳಾವ್ರ ಇಲ್ಲ." ವಾರಪೂರ್ತಿ ತಪ್ಪು ಮಾಡುವ ಮನುಷ್ಯನಿಗೆ ಸರಿಯಾಗಿರುವ ಒಂದು ಜಾಗ ಬೇಕಾಗುತ್ತದಲ್ಲ, ಅವರಿಗೆ ಅದು ಆ ಅರವತ್ತನಾಲ್ಕು ಮನೆ.

ಕ್ಲಬ್ಬು ಎಂದರೆ ಬಡಾವಣೆಯ ಸಮುದಾಯ ಭವನದ ಒಂದು ಹಾಲು, ಹತ್ತು ಮೇಜು, ಒಂದು ಕಾಫಿ ಕೌಂಟರು. ಕೌಂಟರಿನ ಪಕ್ಕದ ಗೋಡೆಗೆ ಪ್ರತಿ ವಾರದ ಫಲಿತಾಂಶದ ಹಾಳೆ. ಮೊದಮೊದಲು ನನ್ನ ಕುತೂಹಲವೆಲ್ಲ ಆ ಹಾಳೆಯ ಮುಂದೆ ನಿಲ್ಲುವವರ ಮೇಲೇ ಇತ್ತು. ಇಲ್ಲಿನವರು ಸೋತರೆ "ಸೋತೆ, ಅವನು ಚೆನ್ನಾಗಿ ಆಡಿದ" ಎಂದು ಹೇಳಿ ಬಿಸ್ಕೆಟ್ ತಿನ್ನುತ್ತಾರೆ! ಅಷ್ಟೇ! ಸೋಲಿಗೆ ಒಂದು ಕಥೆ ಬೇಡವೇ? ನಮ್ಮ ಪಾಟೀಲ್ ಸರ್ ಇಷ್ಟು ವರ್ಷದಲ್ಲಿ ಒಮ್ಮೆಯೂ ಸೋತವರಲ್ಲ. "ಸೋತಿಲ್ಲಪಾ, ಗೆಲ್ಲೋ ಆಟ ಕೈಯಾಗಿಂದ ಜಾರ್ತು." ಇನ್ನೊಂದು ವಾರ, "ಸೋತಿಲ್ಲೋ, ಎದುರಿನ ಮನಶ್ಯಾನ ಮನಿಗೆ ಮೊಮ್ಮಕ್ಕಳು ಬಂದಾರಂತ, ಲಗೂ ಹೋಗಬೇಕಿತ್ತು, ಬಿಟ್ಟುಕೊಟ್ಟೆ." ನಾನೂ ಕಡಿಮೆಯೇನಲ್ಲ. ಮೊದಲ ಐದು ವಾರ ಸತತವಾಗಿ ಸೋತಾಗ ಊರಿಗೆ ಫೋನ್ ಮಾಡಿ, "ಇಲ್ಲಿ ಗಡಿಯಾರದ ಸಿಸ್ಟಮ್ಮೇ ಬೇರೆ ಅಮ್ಮಾ" ಎಂದಿದ್ದೆ.

ಆರನೇ ವಾರ ನನಗೆ ಜ್ಞಾನೋದಯವಾಯಿತು. ಬೋರ್ಡು ನೋಡಿ ಏನೂ ತಿಳಿಯದಿದ್ದಾಗ ನಾನು ಅಭ್ಯಾಸಬಲದಿಂದ ಎದುರಿನವರ ಮುಖ ನೋಡುತ್ತಿದ್ದೆ. ನೋಡನೋಡುತ್ತ ಎಲ್ಲರ ಒಳಗುಟ್ಟು ಹೊರಬಿತ್ತು. ಪಾಟೀಲ್ ಸರ್ ಗೆಲ್ಲುವ ಸ್ಥಿತಿಯಲ್ಲಿದ್ದರೆ ಎದ್ದು, ಕೈ ಹಿಂದೆ ಕಟ್ಟಿಕೊಂಡು, ಬೆಳೆ ನೋಡಲು ಬಂದ ಜಮೀನ್ದಾರರ ಹಾಗೆ ಹಾಲಿನಲ್ಲಿ ಒಂದು ಸುತ್ತು ಹಾಕುತ್ತಾರೆ. ಕೆಟ್ಟಿತ್ತೋ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಲು ಶುರು. ಬಸ್ ಓಡಿಸುವ ವಿಲಮ್ ಎಂಬವನಿದ್ದಾನೆ, ಅವನ ರಾಣಿ ಅಪಾಯದಲ್ಲಿದ್ದರೆ ಪೆಪ್ಪರ್‌ಮಿಂಟಿನ ಕಾಗದ ಪರಪರ ಎನ್ನುತ್ತದೆ. ಇನ್ನು ಹೆಂಕ್. ತಂಡದ ಕ್ಯಾಪ್ಟನ್, ಎಪ್ಪತ್ತೈದು ದಾಟಿದ ನಿವೃತ್ತ ಮೇಷ್ಟ್ರು, ಕಿವಿಗೆ ಕೇಳುವ ಮಶೀನು. ಹೆಂಕ್ ಎಡಗಿವಿಯ ಹಾಲೆಯನ್ನು ಎರಡು ಬೆರಳಿನಿಂದ ಉಜ್ಜಿಕೊಂಡರೆ ಅವರ ಆಟ ಹೂವಿನ ಹಾದಿಯಲ್ಲಿದೆ ಎಂದರ್ಥ. ಮೂರು ಆಟ ನೋಡಿ ಖಚಿತ ಮಾಡಿಕೊಂಡಿದ್ದೆ.

ಅಲ್ಲಿಂದ ನೋಡಿ ನನ್ನ ಓಟ. ಕಾಗದ ಪರಪರ ಎಂದರೆ ದಾಳಿ, ಕಿವಿ ಉಜ್ಜಿದರೆ ರಕ್ಷಣೆ, ಕನ್ನಡಕ ಒರೆಸಿದರೆ ಎರಡು ಆನೆಯನ್ನೂ ನುಗ್ಗಿಸು. ಫಲಿತಾಂಶದ ಹಾಳೆಯಲ್ಲಿ ಕೆಳಗಿನಿಂದ ಎರಡನೆಯವನಿದ್ದವನು ನಾಲ್ಕು ತಿಂಗಳಲ್ಲಿ ಮೇಲಿನಿಂದ ಆರನೆಯವನಾದೆ. ಕಾಫಿ ವೇಳೆಯಲ್ಲಿ ಇವರೆಲ್ಲರ ಅಣಕು ಪ್ರದರ್ಶನವನ್ನೂ ಕೊಡುತ್ತಿದ್ದೆ. ವಿಲಮ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಪಾಟೀಲ್ ಸರ್ ಮಾತ್ರ, "ನಾ ಎಲ್ಲೋ ಹಂಗ ಅಡ್ಡಾಡ್ತೀನಿ?" ಎನ್ನುತ್ತ ಕೈ ಹಿಂದೆ ಕಟ್ಟಿಕೊಂಡು ಅಡ್ಡಾಡುತ್ತಿದ್ದರು.

ಹೆಂಕ್ ನನ್ನನ್ನು ಎರಡನೇ ತಂಡಕ್ಕೆ ಸೇರಿಸಿಕೊಂಡರು. ನಾಲ್ಕು ಜನರ ತಂಡ: ಹೆಂಕ್, ವಿಲಮ್, ಪಾಟೀಲ್ ಸರ್, ನಾನು. ತಂಡದ ಪಂದ್ಯಗಳೆಲ್ಲ ಶನಿವಾರ. ವರ್ಷದ ಕೊನೆಯದು ಮಧ್ಯಾಹ್ನ ಪಕ್ಕದ ಊರು ಬಾಡ್‌ಹೂವೆಡಾರ್ಪಿನಲ್ಲಿ. ಹಿಂದಿನ ಮಂಗಳವಾರವೇ ಹೆಂಕ್ ಲೆಕ್ಕ ಹೇಳಿದ್ದರು. ಎರಡು-ಎರಡು ಸಮವಾದರೂ ಸಾಕು, ಈ ದರ್ಜೆಯಲ್ಲಿ ಉಳಿಯುತ್ತೇವೆ. ಸೋತರೆ ಇಳಿಯುತ್ತೇವೆ, ಇಳಿದರೆ ಕಮಿಟಿ ಎರಡನೇ ತಂಡವನ್ನು ಮೂರನೆಯದರ ಜೊತೆ ಸೇರಿಸುತ್ತದೆ, ಆಗ ಇಬ್ಬರಿಗೆ ಜಾಗ ಇರುವುದಿಲ್ಲ. ಯಾರಿಗೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿಲ್ಲದೆ ಹೆಂಕ್ ತಾವೇ ಹೇಳಿದರು: "ಪಾಟೀಲ್, ಈ ವರ್ಷ ನಿನ್ನ ಫಲಿತಾಂಶ ಎಲ್ಲರಿಗಿಂತ ಕಡಿಮೆ. ಮೊದಲು ನೀನು." ಈ ದೇಶದವರು ಇಂಥ ಮಾತನ್ನು ಕಾಫಿಗೆ ಸಕ್ಕರೆ ಬೇಕಾ ಎಂದಷ್ಟು ಸಲೀಸಾಗಿ ಹೇಳುತ್ತಾರೆ. ಪಾಟೀಲ್ ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

ಶನಿವಾರ ನನ್ನೆದುರು ಕೂತವರು ರಿಯಾ ಎಂಬ ಅಜ್ಜಿ. ಗಿಡ್ಡಗೆ ಕತ್ತರಿಸಿದ ಬೆಳ್ಳನೆಯ ಕೂದಲು, ನೀಲಿ ಸ್ವೆಟರು, ಭಾನುವಾರದ ಅಂಗಡಿಯಂತೆ ಶಟರ್ ಎಳೆದ ಮುಖ. ನಾನು ಕುದುರೆ ಹಾರಿಸಿ ಮುಖ ನೋಡಿದೆ, ಏನಿಲ್ಲ. ಒಂಟೆ ಓಡಿಸಿ ನೋಡಿದೆ, ಏನಿಲ್ಲ. ಕೆನ್ನೆಗೆ ಎರಡು ಬೆರಳು ಆನಿಸಿ, ತಲೆ ಸ್ವಲ್ಪ ವಾಲಿಸಿ, ಕಣ್ಣು ಮಿಟುಕಿಸದೆ ಕೂತಿದ್ದರು. ಪೇಪರಿಲ್ಲದ ಅಪ್ಪನ ಮುಂದೆ ಕೂತಂತಾಯಿತು. ಒಂದೂವರೆ ಗಂಟೆ, ಬೇರೆ ದಾರಿಯಿಲ್ಲದೆ, ನಾನು ನಿಜವಾಗಿಯೂ ಚೆಸ್ ಆಡಿದೆ.

ಅಷ್ಟರಲ್ಲಿ ಉಳಿದವರ ಆಟ ಮುಗಿದಿತ್ತು. ಹೆಂಕ್ ಗೆದ್ದರು. ವಿಲಮ್ ಡ್ರಾ. ಪಾಟೀಲ್ ಸರ್ ಎದ್ದು ಬರುವಾಗ ಅಂಗಿಯ ತುದಿ ಪೂರ್ತಿ ಹೊರಗೆ ಬಂದಿತ್ತು, ಇಷ್ಟು ಹೇಳಿದರೆ ಸಾಕು. ಒಂದೂವರೆ-ಒಂದೂವರೆ. ಇನ್ನು ನನ್ನ ಅರ್ಧ ಅಂಕ ಬಂದರೆ ತಂಡ ಉಳಿಯುತ್ತದೆ, ಪಾಟೀಲ್ ಸರ್ ಶನಿವಾರಗಳೂ ಉಳಿಯುತ್ತವೆ. ಮೂವರೂ ಬಂದು ನನ್ನ ಮೇಜಿನ ಸುತ್ತ ನಿಂತರು. ಆಗ ರಿಯಾ ಒಂದು ಕಾಲಾಳನ್ನು ಮುಂದೆ ತಳ್ಳಿ, ನನ್ನ ಕಡೆ ನೋಡಿ, "ರೆಮೀಸ?" ಎಂದು ಕೇಳಿ ಗಡಿಯಾರ ಒತ್ತಿದರು. ಡ್ರಾ ಮಾಡಿಕೊಳ್ಳೋಣವಾ ಎಂದು.

ಕೈ ಕುಲುಕಿದ್ದರೆ ಮುಗಿದೇ ಹೋಗುತ್ತಿತ್ತು. ಆದರೆ ನನ್ನ ಬುದ್ಧಿ ಅಷ್ಟು ಸುಲಭಕ್ಕೆ ಒಪ್ಪಬೇಕಲ್ಲ. ಕೇಳುತ್ತಿದ್ದಾರೆ ಎಂದರೆ ಒಳಗೇನೋ ಇದೆ! ಸುಮ್ಮಸುಮ್ಮನೆ ಯಾರಾದರೂ ಬಾಯಿಬಿಟ್ಟು ಕೇಳುತ್ತಾರೆಯೇ? ಇಂಥ ಹೊತ್ತಿನಲ್ಲಿ ಕ್ಯಾಪ್ಟನ್ನನ್ನು "ಒಪ್ಪಿಕೊಳ್ಳಲಾ?" ಎಂದು ಕೇಳಬಹುದು. ಅದಕ್ಕೆ ಅವರು ಹೂಂ ಅಥವಾ ಬೇಡ ಎನ್ನಬಹುದು. ತಂಡದ ಆಟದಲ್ಲಿ ಅದು ನಿಯಮವೇ ಇದೆ, ಎಲ್ಲರೂ ಕೇಳುತ್ತಾರೆ, ಹೆಂಕ್ ಎರಡು ಸಲ ನನಗೆ ಬಿಡಿಸಿ ಹೇಳಿದ್ದರು. ಆದರೆ ಅಷ್ಟು ವಯಸ್ಸಾದವರನ್ನು, ಅದೂ ನಾಲ್ಕು ಜನರ ಮುಂದೆ, "ಏನ್ ಮಾಡಲಿ?" ಎಂದು ಕೇಳುವುದೆಂದರೆ! ನಾನು ಬಾಯಿ ತೆರೆಯಲಿಲ್ಲ. ತಲೆ ಎತ್ತಿ ಹೆಂಕ್ ಮುಖ ನೋಡಿದೆ, ಅಷ್ಟೇ.

ಹೆಂಕ್ ಎಡಗಿವಿ ಉಜ್ಜಿಕೊಂಡರು.

ಆಹಾ! ಆಟ ಹೂವಿನ ಹಾದಿಯಲ್ಲಿದೆ! ನಾನು ಗೆಲ್ಲುತ್ತಿದ್ದೇನೆ, ನನಗೇ ಗೊತ್ತಿಲ್ಲ! ರಿಯಾ ಅವರಿಗೆ ನಯವಾಗಿ ತಲೆಯಾಡಿಸಿ, ಬೇಡ ಎಂದು, ಕುದುರೆಯನ್ನು ಎತ್ತಿ ಅವರ ಕೋಟೆಯೊಳಗೆ ಕುಕ್ಕಿದೆ. ಆ ಕುದುರೆ ಅಲ್ಲಿಂದ ವಾಪಸ್ ಬರಲಿಲ್ಲ. ನಾಲ್ಕು ನಡೆಯಲ್ಲಿ ಮೂಲೆಗೆ ಸಿಕ್ಕಿಬಿತ್ತು, ಅದನ್ನು ಬಿಡಿಸಲು ಹೋದ ಆನೆ ಹಿಂದೆಯೇ ಹೋಯಿತು. ಇಪ್ಪತ್ತು ನಿಮಿಷದ ಮೇಲೆ ನಾನು ರಾಜನನ್ನು ಮಲಗಿಸಿ ಕೈ ಚಾಚಿದೆ.

ಇಲ್ಲಿ ಆಟ ಮುಗಿದ ಮೇಲೆ ಸೋತವನೂ ಗೆದ್ದವನೂ ಒಟ್ಟಿಗೆ ಕೂತು, ಕಾಫಿ ಕುಡಿಯುತ್ತ, ಎಲ್ಲಿ ಎಡವಿದೆ ಎಂದು ಮತ್ತೆ ಆಡಿ ನೋಡುವ ಪದ್ಧತಿ ಇದೆ. ಹೆಣದ ಮುಂದೆ ಕೊಲೆಗಾರನನ್ನೂ ಕೂರಿಸಿಕೊಂಡು ಮಾತಾಡಿದ ಹಾಗೆ. ನಾನು ಮೊದಲು ಕೇಳಿದ್ದೇ ಅದನ್ನು: "ನೀವು ಡ್ರಾ ಕೇಳಿದ್ದು ಯಾಕೆ?"

"ಆಟ ಸಮ ಇತ್ತು," ಎಂದರು ರಿಯಾ. "ಅದಕ್ಕೇ ಕೇಳಿದೆ."

"ಅಷ್ಟೇನಾ?"

"ಕಾಫಿಯೂ ಬೇಕಿತ್ತು." ಆಮೇಲೆ ಶಟರ್ ಸ್ವಲ್ಪ ಎತ್ತಿ ನಕ್ಕರು. "ನಿನ್ನ ಮುಖದಲ್ಲಿ ಎಲ್ಲ ಕಾಣುತ್ತದೆ, ಗೊತ್ತಾ? ಆಟ ಚೆನ್ನಾಗಿದ್ದಾಗ ನೀನು ನಿನ್ನ ಹಾಗೇ ಕೂರುತ್ತೀಯ. ಕುದುರೆ ಸಿಕ್ಕಿಬಿದ್ದ ಕೂಡಲೇ ನನ್ನ ಹಾಗೆ ಕೂತೆ. ಕೆನ್ನೆಗೆ ಎರಡು ಬೆರಳು. ಹೆದರಿದ್ದೀಯ ಎಂದು ತಿಳಿಯಿತು. ಆನೆಯನ್ನು ಆಗಲೇ ಹಿಡಿದೆ."

ಇಷ್ಟು ಸೂಕ್ಷ್ಮ ಎಲ್ಲಿ ಕಲಿತಿರಿ ಎಂದೆ. ಮೂವತ್ತು ವರ್ಷ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಕೆಲಸ ಮಾಡಿದವರಂತೆ. "ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಡಬ್ಬ ಇಟ್ಟುಕೊಂಡವರು ನಡೆಯುವ ರೀತಿಯೇ ಬೇರೆ," ಎಂದು ನನ್ನನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. ಪಕ್ಕದಲ್ಲಿದ್ದ ವಿಲಮ್, "ನೀನು ಸೋಲುವಾಗ ಎದುರಿನವರನ್ನು ಅಣಕಿಸುತ್ತೀಯ ಅಂತ ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತು. ನಿನಗೇ ಗೊತ್ತಿಲ್ವಾ?" ಎಂದು ಪೆಪ್ಪರ್‌ಮಿಂಟ್ ಕೊಟ್ಟ.

ಹೆಂಕ್ ಕೇಳಿದ್ದು ಒಂದೇ ಪ್ರಶ್ನೆ: "ನನ್ನನ್ನು ಯಾಕೆ ಕೇಳಲಿಲ್ಲ? ಕೇಳಿದ್ದರೆ ಒಪ್ಪಿಕೋ ಅನ್ನುತ್ತಿದ್ದೆ."

"ನೀವು ಕಿವಿ ಉಜ್ಜಿಕೊಂಡಿರಿ," ಎಂದೆ.

"ಕೇಳುವ ಮಶೀನಿನ ಬ್ಯಾಟರಿ ಮುಗಿಯುತ್ತಿತ್ತು. ಮುಗಿಯುವಾಗ ಅದು ಕುಂಯ್ ಅನ್ನುತ್ತದೆ." ಇಷ್ಟು ಹೇಳಿ, ಪಂದ್ಯದ ಫಲಿತಾಂಶದ ಹಾಳೆಯಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಬರೆದು, ಅದರ ಪಕ್ಕ ಚಿಕ್ಕದಾಗಿ 'ಡ್ರಾ ನಿರಾಕರಿಸಿದ' ಎಂದೂ ಸೇರಿಸಿದರು. ಮೇಷ್ಟ್ರಲ್ಲವೇ.

ವಾಪಸ್ ಪಾಟೀಲ್ ಸರ್ ಕಾರಿನಲ್ಲಿ ಬಂದೆ. ಬಾಡ್‌ಹೂವೆಡಾರ್ಪಿನಿಂದ ಹೂಫ್‌ಡಾರ್ಪಿಗೆ ಎಷ್ಟು ದೂರ, ಕಾಲು ಗಂಟೆ ಇರಬಹುದು. ಅವತ್ತು ಆ ದಾರಿ ಮುಗಿಯಲೇ ಇಲ್ಲ. ತಲೆಯ ಮೇಲೆ ವಿಮಾನಗಳು ಇಳಿಯುತ್ತಿದ್ದವು, ಸರ್ ಎದುರು ನೋಡಿಕೊಂಡು ಓಡಿಸುತ್ತಿದ್ದರು. ಅಭ್ಯಾಸದಂತೆ ಓರೆಗಣ್ಣಿನಿಂದ ಅವರ ಮುಖ ನೋಡಿದೆ. ಕನ್ನಡಕ ಮೂಗಿನ ಮೇಲೇ ಇದೆ. ಒರೆಸಲು ಕೈ ಖಾಲಿ ಇಲ್ಲ, ಎದ್ದು ಅಡ್ಡಾಡಲು ಜಾಗ ಇಲ್ಲ. ಸ್ಟೀರಿಂಗ್ ಹಿಡಿದ ಮನುಷ್ಯನ ಒಳಗನ್ನು ಹೇಗೆ ಓದುವುದು? ಮೂರು ಸಿಗ್ನಲ್ ದಾಟಿದ ಮೇಲೆ ನಾನು ಹುಟ್ಟಿದ ಲಾಗಾಯ್ತು ಮಾಡದ ಕೆಲಸ ಮಾಡಿದೆ. ಒಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಅವರನ್ನೇ ಕೇಳಿದೆ.

"ಸರ್, ನನ್ನ ಮೇಲೆ ಸಿಟ್ಟು ಬಂದಿದೆಯಾ?"

"ಬಂದೈತಿ," ಎಂದರು ಸರ್. "ಭಾಳ ಬಂದೈತಿ."

ಕೇಳಿದರೆ ಉತ್ತರ ಬರುತ್ತದೆ ಎಂಬ ಭಾಗವನ್ನು ನಾನು ಯೋಚಿಸಿರಲಿಲ್ಲ.

ಅವರೇ ಮುಂದುವರಿಸಿದರು: "ನಿನ್ನ ಮ್ಯಾಲ ಅರ್ಧ. ಇನ್ನರ್ಧ ನನ್ನ ಮ್ಯಾಲ. ನಾನೂ ಸೋತೆನಲ್ಲೋ." ಇಷ್ಟು ವರ್ಷದಲ್ಲಿ ಮೊದಲ ಸಲ ಅವರ ಬಾಯಲ್ಲಿ ಆ ಶಬ್ದ ಬಂತು, ಕಥೆಯಿಲ್ಲದೆ, ಮೊಮ್ಮಕ್ಕಳಿಲ್ಲದೆ. ಅವರಿಗೇ ವಿಚಿತ್ರ ಎನಿಸಿರಬೇಕು, ಇನ್ನೊಮ್ಮೆ "ಸೋತೆ" ಎಂದು ರುಚಿ ನೋಡಿದರು. ಆಮೇಲೆ, "ತಂಡದಾಗ ಜಾಗ ಇಲ್ಲಂದ್ರ ಏನಾತು, ಮಂಗಳವಾರ ಐತಲ್ಲ. ನೀ ಬರ್ತೀಯಿಲ್ಲೋ?"

"ಬರ್ತೀನಿ ಸರ್."

"ಬಾ. ಖರೇ ಹೇಳಬೇಕಂದ್ರ ನಿನ್ನಂಥಾವ ಎದುರಿಗಿದ್ರ ಅರಾಮ. ನೀ ನನ್ನ ಕನ್ನಡಕ ನೋಡ್ತೀಯಂತ ನನಗ ಯಾವಾಗೋ ಗೊತ್ತು. ಹೋದ ತಿಂಗಳಿಂದ ಗೆಲ್ಲೋ ಮುಂದನೂ ಒರಸ್ತೀನಿ."

ಹೋದ ತಿಂಗಳು ನಾನು ಅವರ ಕೈಲಿ ಎರಡು ಸಲ ಸೋತಿದ್ದು ಯಾಕೆಂದು ಆಗ ತಿಳಿಯಿತು. ಊರಿಗೆ ಫೋನ್ ಮಾಡಿ ಆ ಎರಡಕ್ಕೂ ಜ್ವರದ ಕಾರಣ ಹೇಳಿದ್ದೆ. ನಾನು ಕಿಟಕಿಯ ಕಡೆ ತಿರುಗಿ, ಮುಖದ ಮೇಲೆ ಏನೂ ಕಾಣದ ಹಾಗೆ ಇಟ್ಟುಕೊಂಡು, ರಿಯಾ ಥರ ಶಟರ್ ಎಳೆದು ಕೂತೆ. ಬಹಳ ಚೆನ್ನಾಗಿ ಎಳೆದಿದ್ದೇನೆ ಎಂದೇ ಅಂದುಕೊಂಡಿದ್ದೆ.

"ಏ ತಮ್ಮಾ," ಎಂದರು ಪಾಟೀಲ್ ಸರ್, ರಸ್ತೆಯಿಂದ ಕಣ್ಣು ತೆಗೆಯದೆ, "ಕಿವಿ ಉಜ್ಜೂದು ಬಿಡು. ನಿನ್ನ ಕಿವ್ಯಾಗ ಮಶೀನ್ ಇಲ್ಲ."